ಮೌತ್‌ವಾಶ್‌ನಿಂದ ಹಲ್ಲು ಕಂದಾದರೆ: ಪ್ರತಿಕ್ರಿಯೆ

ವಸಡಿನ ಚಿಕಿತ್ಸೆ ಆದಮೇಲೆ ಡಾಕ್ಟರ್ ಕೊಟ್ಟ 0.2% ಕ್ಲೋರ್‌ಹೆಕ್ಸಿಡಿನ್ (ಬಾಯಿಯ ರೋಗಾಣು ಕೊಲ್ಲುವ ಔಷಧ) ಮೌತ್‌ವಾಶ್ ತಿಂಗಳಿಂದ ಬಳಸ್ತಿದ್ದೀನಿ, ಹಲ್ಲು ಕಂದು ಬಣ್ಣಕ್ಕೆ ತಿರುಗಿವೆ, ಹುಳುಕಾ ಅಂತ ಕೇಳಿದ್ದೀರಿ. ಬಹುಶಃ ಅಲ್ಲ, ಇದು ಆ ಔಷಧದ್ದೇ ಕಲೆ ಇರಬೇಕು. ಕ್ಲೋರ್‌ಹೆಕ್ಸಿಡಿನ್ ಹಲ್ಲಿನ ಮೇಲೆ ಅಂಟಿಕೊಂಡು ಗಂಟೆಗಟ್ಟಲೆ ಕೆಲಸ ಮಾಡುತ್ತೆ, ಜೊತೆಗೆ ಕಾಫಿ-ಟೀ ಬಣ್ಣವನ್ನೂ ಹಿಡಿದಿಟ್ಟುಕೊಳ್ಳುತ್ತೆ. ಕಲೆ ಮೇಲ್ಮೈಯದು, ಕ್ಲೀನಿಂಗ್ ಮಾಡಿಸಿದರೆ ಹೋಗುತ್ತೆ. ದಯವಿಟ್ಟು ಸೋಡಾ, ಇದ್ದಿಲು ಹಾಕಿ ಉಜ್ಜಬೇಡಿ (ಯೂಟ್ಯೂಬ್ ವೈದ್ಯರು ಹೇಳಿದರೂ!).

ಸಾಮಾನ್ಯವಾಗಿ ಈ ಮೌತ್‌ವಾಶನ್ನು ಒಂದೆರಡು ವಾರಕ್ಕಷ್ಟೇ ಬರೆದುಕೊಡ್ತಾರೆ. ಮುಂದುವರಿಸಬೇಕಾ ಅಂತ ನಿಮ್ಮ ಡಾಕ್ಟರನ್ನೇ ಕೇಳಿ, ಹಲ್ಲನ್ನೂ ತೋರಿಸಿ. ಇನ್ನೊಂದು, ಪೇಸ್ಟಿನಲ್ಲಿ ನೊರೆ ಬರಿಸುವ ಸೋಡಿಯಂ ಲಾರಿಲ್ ಸಲ್ಫೇಟ್ ಮೌತ್‌ವಾಶ್‌ನ ಶಕ್ತಿ ಕುಂದಿಸುತ್ತೆ. ಹಾಗಾಗಿ ಹಲ್ಲುಜ್ಜಿ ಅರ್ಧ ಗಂಟೆ ಬಿಟ್ಟು ಮುಕ್ಕಳಿಸಿ. ನಾಲಿಗೆ ರುಚಿ ಕೆಟ್ಟಿದ್ದರೆ, ಔಷಧ ನಿಲ್ಲಿಸಿದ ಮೇಲೆ ಸರಿಹೋಗುತ್ತೆ.