ರಿಟರ್ನ್ ಟಿಕೆಟ್ ಯಾವ ತಾರೀಕಿಗೆ ತೆಗೆಸಿದ್ದೀರಿ?

ನಿಮ್ಮ ತಮ್ಮನ ಕಾಲೇಜಿನ ರಗ್ಬಿ ತಂಡ ರಾಷ್ಟ್ರಮಟ್ಟದ ಕೊನೆಯ ಸುತ್ತಿಗೆ ಹೋಗಿದೆ. ಹಾವೇರಿಯಿಂದ ಹತ್ತು ಜನ ಗೆಳೆಯರು ಜಗ್ಗಲಿಗೆ ಅನ್ನೋ ದೊಡ್ಡ ಚರ್ಮವಾದ್ಯ, ಬ್ಯಾನರ್ ತಗೊಂಡು ಜೊತೆಗೆ ಹೋಗೋದಾ, ಇಲ್ಲ ಆ ದುಡ್ಡನ್ನ ತಂಡದ ಕೈಗೆ ಕೊಡೋದಾ ಅಂತ ಕೇಳಿದ್ದೀರಿ. ಆಟದ ಗಂಧಗಾಳಿ ಯಾರಿಗೂ ಇಲ್ಲ ಅಂತಲೂ ಬರೆದಿದ್ದೀರಿ. ಓದಿ ನಗು ಬಂತು, ಹೊಟ್ಟೆಯೊಳಗೆ ಕಸಿವಿಸಿಯೂ ಆಯಿತು. ಜಗ್ಗಲಿಗೆ ವಿಷಯ ಆಮೇಲೆ. ಮೊದಲು ಹೇಳಿ, ವಾಪಸ್ ಬರೋ ಟಿಕೆಟ್ ಯಾರು ತೆಗೆಸುತ್ತಿದ್ದಾರೆ? ಯಾವ ತಾರೀಕಿಗೆ?

ನನ್ನದು ಧಾರವಾಡದಲ್ಲಿ ಒಂದು ಕಾಲೇಜಿನ ಎದುರು ಝೆರಾಕ್ಸ್ ಅಂಗಡಿ. ಝೆರಾಕ್ಸ್, ಲ್ಯಾಮಿನೇಷನ್, ಪಾಸ್‌ಪೋರ್ಟ್ ಫೋಟೊ, ಆನ್‌ಲೈನ್ ಅರ್ಜಿ, ಗುರುತಿನವರಿಗೆ ರೈಲ್ವೆ ಟಿಕೆಟ್. ಕೊರೋನಾ ಬರೋಕೆ ಮೊದಲಿನ ಮಾತು. ಒಂದು ಸಂಜೆ ಹನ್ನೆರಡು ಹುಡುಗರು ಒಟ್ಟಿಗೆ ನುಗ್ಗಿದರು. ಎಲ್ಲರ ಕೈಯಲ್ಲೂ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಪಿಯುಸಿ ಮಾರ್ಕ್ಸ್ ಕಾರ್ಡ್, ಫೀ ರಸೀದಿ. ಟೂರ್ನಿಗೆ ಹೋಗೋ ಆಟಗಾರರ ಅರ್ಜಿ ಜೊತೆ ಅವೆಲ್ಲ ಬೇಕು. ಪ್ರಾಕ್ಟೀಸಿನಿಂದ ನೇರ ಬಂದಿದ್ದರು. ಅವರು ಹೋದ ಮೇಲೆ ನೋಡಿದರೆ ಮಷಿನ್ ಗಾಜಿನ ಮೇಲೆಲ್ಲ ಕೆಂಪು ಮಣ್ಣಿನ ಬೆರಳಚ್ಚು. ಒರೆಸುತ್ತಾ ಬೈದುಕೊಂಡೆ. ಯಾವ ಆಟ ಅಂತ ಕೇಳಿದ್ದು ಮರುದಿನ.

ಅರ್ಧ ಜನ ಕಬಡ್ಡಿ ಹುಡುಗರು, ಮೂರ್ನಾಲ್ಕು ಜನ ಗರಡಿಮನೆಯವರು. ಕಾಲೇಜಿನಲ್ಲಿ ಆಟ ಕಲಿಸೋ ಪಿ.ಡಿ. ಸರ್ ಎಲ್ಲಿಂದಲೋ ಎರಡು ಮೊಟ್ಟೆಯಾಕಾರದ ಚೆಂಡು ತಂದು ಇವರ ಕೈಗೆ ಕೊಟ್ಟಿದ್ದರು. ರಗ್ಬಿಯಲ್ಲಿ ಸೆವೆನ್ಸ್ ಅಂತಾರಲ್ಲ, ಆ ಆಟ. ಒಂದು ಕಡೆ ಏಳು ಜನ, ಬದಲಿಗೆ ಐವರು. ಏಳು ನಿಮಿಷದ ಎರಡು ಅವಧಿ, ನಡುವೆ ಎರಡು ನಿಮಿಷ ಬಿಡುವು. ಚೆಂಡನ್ನ ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ, ಪಕ್ಕಕ್ಕೆ ಇಲ್ಲಾ ಹಿಂದಕ್ಕೆ ಮಾತ್ರ. ಎದುರಾಳಿಯ ಗೆರೆ ದಾಟಿ ಚೆಂಡನ್ನ ನೆಲಕ್ಕೆ ಒತ್ತಿದರೆ ಟ್ರೈ, 5 ಅಂಕ. ಆಮೇಲೆ ಕಂಬದ ನಡುವೆ ಒದ್ದರೆ ಇನ್ನೂ 2. ಇಷ್ಟು ಗೊತ್ತಿದ್ದರೆ ನಿಮ್ಮ ಹತ್ತು ಜನಕ್ಕೂ ಸಾಕು.

ಚೆಂಡಿಗೆ ಗಾಳಿ ಹೊಡೆಯೋ ಪಂಪ್ ನನ್ನ ಅಂಗಡಿಯಲ್ಲಿ ಇಡೋಕೆ ಶುರುವಾಯಿತು. ಆಮೇಲೆ ಬೂಟಿನ ಚೀಲ. ಝೆರಾಕ್ಸ್ ಬಾಕಿ ಕೇಳೋದನ್ನ ಬಿಟ್ಟೆ. ಒಂದಿನ ಪಿ.ಡಿ. ಸರ್ ಕಲ್ಕತ್ತಾ ಕಪ್ ಕಥೆ ಹೇಳಿದರು. ಬ್ರಿಟಿಷರ ಕಾಲದಲ್ಲಿ ಕಲ್ಕತ್ತಾದ ರಗ್ಬಿ ಕ್ಲಬ್ ಮುಚ್ಚುವಾಗ ಬ್ಯಾಂಕಿನಲ್ಲಿ ಉಳಿದಿದ್ದ ಬೆಳ್ಳಿ ರೂಪಾಯಿ ಕರಗಿಸಿ ಒಂದು ಕಪ್ ಮಾಡಿಸಿದರಂತೆ. 1879ರಿಂದ ಇಂಗ್ಲೆಂಡ್, ಸ್ಕಾಟ್ಲೆಂಡ್ ಅದಕ್ಕಾಗಿ ಆಡುತ್ತಿವೆ. "ಅಂದ್ರ ನಮ್ಮ ರೊಕ್ಕಾನ ಕರಗಿಸ್ಯಾರ, ಹೋಗಿ ಇಸ್ಕೊಂಡ್ ಬರೂಣ" ಅಂದ ಕ್ಯಾಪ್ಟನ್. ನವಲಗುಂದದ ಕಡೆಯ ಹುಡುಗ, ಮಾತು ಕಡಿಮೆ. ಅವತ್ತಿಗೆ ನಾನೂ ತಂಡದವನಾದೆ.

ಕೊನೆಯ ಸುತ್ತು ಭುವನೇಶ್ವರದಲ್ಲಿ ಅಂತ ಆಯಿತು. ಒಡಿಶಾ ಅಂದರೆ ರಗ್ಬಿಯ ತವರು ಇದ್ದ ಹಾಗೆ. ಅಲ್ಲಿನ ಬುಡಕಟ್ಟು ಹುಡುಗರ ಶಾಲೆಯೊಂದರ ತಂಡ 2007ರಲ್ಲೇ ಲಂಡನ್‌ಗೆ ಹೋಗಿ 14 ವರ್ಷದೊಳಗಿನವರ ಟೂರ್ನಿ ಗೆದ್ದು ಬಂದಿತ್ತು. ನಾವು ಆಟ ಕಲಿತು ಎರಡು ವರ್ಷ. ಹನ್ನೆರಡು ಹುಡುಗರು, ಪಿ.ಡಿ. ಸರ್, ನಾನು, ಒಟ್ಟು ಹದಿನಾಲ್ಕು. ಟಿಕೆಟ್ ಜವಾಬ್ದಾರಿ ಯಾರದು? ದಿನವಿಡೀ ಟಿಕೆಟ್ ತೆಗೆಯೋ ಈ ಮಹಾಶಯನದ್ದು.

ಇನ್ನು ನನ್ನ ತಪ್ಪು. ಇದನ್ನ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಎಷ್ಟೋ ವರ್ಷದಿಂದ ಕಬಡ್ಡಿ ತಂಡಗಳಿಗೆ ಟಿಕೆಟ್ ತೆಗೆದುಕೊಟ್ಟವನು ನಾನು. ನಾನು ಕಂಡಿದ್ದೆಲ್ಲ ಒಂದೇ ಲೆಕ್ಕ. ಸೋತರೆ ಮುಗೀತು, ಗಂಟುಮೂಟೆ ಕಟ್ಟು. ಹೋದ ದಿನವೇ ಸೋತು ಮರುದಿನ ರೈಲು ಹತ್ತಿದವರೇ ಜಾಸ್ತಿ. ಇದೂ ಹಾಗೇ ಅಂದುಕೊಂಡೆ. ಟೂರ್ನಿ ಮೂರು ದಿನ. ಮೊದಲ ದಿನ ಸೋಲ್ತಾರೆ, ಎರಡನೇ ದಿನ ಪುರಿ ಜಗನ್ನಾಥನ ದರ್ಶನ, ಹಾಗೇ ಕೋನಾರ್ಕ್, ಮೂರನೇ ದಿನ ಬೆಳಗ್ಗೆ ರೈಲು. ನಿಜ ಹೇಳಬೇಕಂದರೆ ಪುರಿ ನೋಡೋ ಆಸೆ ನನ್ನದೇ. ನಮ್ಮ ಕಡೆಗೆ ನೇರ ಬರೋದು ಅಮರಾವತಿ ಎಕ್ಸ್‌ಪ್ರೆಸ್, ಅದೂ ವಾರಕ್ಕೆ 4 ದಿನ. ಒಂದು ಟಿಕೆಟ್‌ನಲ್ಲಿ ಆರು ಜನ ಮಾತ್ರ, ಹಾಗಾಗಿ ಆರು, ಆರು, ಎರಡು ಅಂತ ಮೂರು ಟಿಕೆಟ್. ಎಲ್ಲ ಕನ್ಫರ್ಮ್. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಸೆವೆನ್ಸ್ ಟೂರ್ನಿ ಹಾಗೆ ನಡೆಯೋದಿಲ್ಲ. ಮೊದಲು ಗುಂಪಿನಲ್ಲಿ ನಾಲ್ಕು ತಂಡ, ಎಲ್ಲರ ಜೊತೆ ಎಲ್ಲರೂ ಆಡಬೇಕು. ಆಮೇಲೆ ಮೇಲಿನವರು ಕಪ್‌ಗೆ. ಕ್ವಾರ್ಟರ್ ಫೈನಲ್ ಸೋತವರಿಗೂ ಮನೆಗೆ ಹೋಗೋ ಭಾಗ್ಯ ಇಲ್ಲ, ಅವರು 'ಪ್ಲೇಟ್'ಗೆ ಆಡಬೇಕು. ಅದಕ್ಕೂ ಸೆಮಿಫೈನಲ್, ಫೈನಲ್, ಟ್ರೋಫಿ, ಎಲ್ಲ ಇರುತ್ತೆ. ಅಂದರೆ ಸೋತರೂ ಕೊನೆಯ ದಿನದವರೆಗೆ ಪಂದ್ಯ ಇರಬಹುದು. ಇದು ನನಗೆ ಗೊತ್ತಿರಲಿಲ್ಲ ಅನ್ನೋಕೂ ಮುಖ ಇಲ್ಲ. ವೇಳಾಪಟ್ಟಿ ನನ್ನ ಅಂಗಡಿಗೇ ಬಂದಿತ್ತು. ಹದಿನಾಲ್ಕು ಪ್ರತಿ ನಾನೇ ಝೆರಾಕ್ಸ್ ಹೊಡೆದಿದ್ದೆ. 'ಮೂರನೇ ದಿನ, ಮಧ್ಯಾಹ್ನ 12.00, ಪ್ಲೇಟ್' ಅಂತ ಅದರಲ್ಲಿತ್ತು. ನಾನು ಅದನ್ನ ಊಟದ ಪ್ಲೇಟ್ ಅಂದುಕೊಂಡೆ. ಕೊನೆಯ ದಿನ ಊಟ ಹಾಕಿ ಕಳಿಸ್ತಾರೆ ಪಾಪ, ಅಂದುಕೊಂಡು ಸ್ಟೇಪಲ್ ಹೊಡೆದು ಕೊಟ್ಟೆ.

ಹೋಗೋವಾಗ ಗದಗ ದಾಟಿದ ಮೇಲೆ ಬುತ್ತಿ ಬಿಚ್ಚಿದೆವು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ನಾನು ಜೋರಾಗಿ ಪುರಿ ಪ್ಲಾನ್ ಹೇಳಿದೆ. ಹುಡುಗರು ಕೇಳಿಸಿಕೊಂಡರು. ಕ್ಯಾಪ್ಟನ್ ರೊಟ್ಟಿ ಮುರಿಯುತ್ತಾ ಕೇಳಿದ, "ಅಣ್ಣಾರ, ಮೂರನೇ ದಿನ ನಮ್ಮ ಮ್ಯಾಚ್ ಇದ್ರ?"

ನಾನು ನಕ್ಕೆ. ಇಷ್ಟೇ ನಾನು ಮಾಡಿದ್ದು. "ಇರ್ಲಿ ಬಿಡೋ, ಮೊದಲ ಒಂದ್ ಮ್ಯಾಚ್ ಗೆಲ್ಲು" ಅಂದೆ. ಅವನು ತಲೆ ತಗ್ಗಿಸಿ ಊಟ ಮಾಡಿದ.

ಮೊದಲ ಪಂದ್ಯ 31-0 ಸೋತರು. ಕಬಡ್ಡಿ ಹುಡುಗರ ಹಳೇ ರೋಗ. ಹಿಡಿಯೋದೇನೋ ಚೆನ್ನಾಗಿ ಹಿಡಿತಾರೆ, ಬಿಡೋದಿಲ್ಲ. ರಗ್ಬಿಯಲ್ಲಿ ಕೆಡವಿದ ತಕ್ಷಣ ಕೈ ಬಿಡಬೇಕು, ಇಲ್ಲಾಂದ್ರೆ ಪೆನಾಲ್ಟಿ. ಇವರು ಕಾಲು ಹಿಡಿದು ರೈಡರ್ ಔಟ್ ಆಗಲಿ ಅಂತ ಕಾಯುತ್ತಾ ಮಲಗಿದ್ದಾರೆ, ರೆಫ್ರಿ ಸೀಟಿ ಊದಿ ಊದಿ ಸುಸ್ತು. ಎರಡನೇ ಪಂದ್ಯದ ಹೊತ್ತಿಗೆ ಪಿ.ಡಿ. ಸರ್ ಗೆರೆ ಹೊರಗೆ ನಿಂತು "ಬಿಡ್ರೋ, ಬಿಡ್ರೋ" ಅಂತ ಗಂಟಲು ಹರಕೊಂಡರು. 17-12 ಗೆದ್ದರು. ಮೂರನೇದು 14-12. ಆ ಎರಡು ಅಂಕ ಕ್ಯಾಪ್ಟನ್‌ನ ಒದೆತದ್ದು. ಚೆಂಡನ್ನ ನೆಲಕ್ಕೆ ಬಿಟ್ಟು, ಅದು ಪುಟಿಯೋ ಕ್ಷಣದಲ್ಲಿ ಒದೀಬೇಕು. ಅವನು ಒದ್ದ ಮೇಲೆ ಚೆಂಡು ನೋಡಲಿಲ್ಲ, ತಿರುಗಿ ನನ್ನ ಕಡೆ ನೋಡಿದ.

ಎರಡನೇ ದಿನ ಪುರಿ ಇಲ್ಲ. ಕ್ವಾರ್ಟರ್ ಫೈನಲ್ 24-7 ಸೋತರು. ನಾನು ಸಮಾಧಾನ ಮಾಡೋಕೆ ಹೋದರೆ ಅವರಾಗಲೇ ನೀರು ಕುಡಿದು ಮುಂದಿನ ಪಂದ್ಯಕ್ಕೆ ಟೇಪ್ ಸುತ್ತಿಕೊಳ್ಳುತ್ತಿದ್ದಾರೆ. ಮತ್ತೇನು ಪಂದ್ಯ? ಆಗ ಗೊತ್ತಾಯಿತು ಪ್ಲೇಟ್ ಅಂದರೇನು ಅಂತ. ಸಂಜೆ ಪ್ಲೇಟ್ ಸೆಮಿಫೈನಲ್ 19-10 ಗೆದ್ದರು. ಕುಣಿದರು, ನನ್ನನ್ನೂ ಹೆಗಲ ಮೇಲೆ ಹೊತ್ತರು. ಫೈನಲ್ ಮರುದಿನ ಮಧ್ಯಾಹ್ನ 12ಕ್ಕೆ. ನಮ್ಮ ರೈಲು ಮರುದಿನ ಬೆಳಗ್ಗೆ. ಹೆಗಲ ಮೇಲೆ ಕೂತೇ ನನ್ನ ಕಾಲು ತಣ್ಣಗಾಯಿತು.

ಆ ರಾತ್ರಿಯ ಲೆಕ್ಕ ಇವತ್ತಿಗೂ ಬಾಯಿಪಾಠ. ಕನ್ಫರ್ಮ್ ಟಿಕೆಟ್ ಕ್ಯಾನ್ಸಲ್ ಮಾಡಿದರೆ, ಆಗಿನ ನಿಯಮದಲ್ಲಿ, ರೈಲಿಗೆ 48 ಗಂಟೆ ಮೊದಲಾದರೆ ಸ್ಲೀಪರ್‌ಗೆ ತಲೆಗೆ 120 ರೂಪಾಯಿ ಕಡಿತ, ಅಷ್ಟೇ. 12 ಗಂಟೆವರೆಗೆ ಕಾಲು ಭಾಗ. ಆಮೇಲೆ 4 ಗಂಟೆವರೆಗೆ ಅರ್ಧ. ನಾವು ಆ ಅರ್ಧದಲ್ಲಿದ್ದೆವು. ಮುಂದಿನ ಅಮರಾವತಿ ಎರಡು ದಿನ ಬಿಟ್ಟು, ಅದರಲ್ಲೂ ಉದ್ದನೆಯ ವೇಟಿಂಗ್ ಲಿಸ್ಟ್. ತತ್ಕಾಲ್‌ನಲ್ಲಿ ಒಂದು ಟಿಕೆಟ್‌ಗೆ ನಾಲ್ಕೇ ಜನ, ಹದಿನಾಲ್ಕು ಜನಕ್ಕೆ ನಾಲ್ಕು ಟಿಕೆಟ್, ಅದೂ ಒಂದೇ ಫೋನಿನಲ್ಲಿ. ಉಳಿಯೋಕೆ ಕೊಟ್ಟಿದ್ದ ಕೋಣೆ ಮರುದಿನ ಸಂಜೆವರೆಗೆ ಮಾತ್ರ. ಸೋಮವಾರ ಇಂಟರ್ನಲ್ ಟೆಸ್ಟ್ ಇದೆ, ಹೊರಟು ಬನ್ನಿ ಅಂತ ಕಾಲೇಜಿನಿಂದ ಫೋನ್. ಪಿ.ಡಿ. ಸರ್ ಜೇಬು, ನನ್ನ ಜೇಬು ಎರಡೂ ಮಂಚದ ಮೇಲೆ ಸುರಿದು ಎಣಿಸಿದೆವು. ಸಾಲಲಿಲ್ಲ. ಆಡದೇ ಪಂದ್ಯ ಬಿಟ್ಟುಕೊಡ್ತೀವಿ ಅಂತ ವಾಕ್‌ಓವರ್ ಬರೆದುಕೊಟ್ಟೆವು.

ದಾರಿ ಇತ್ತು, ಆಮೇಲೆ ಹೊಳೆಯಿತು. ಮಧ್ಯಾಹ್ನ ಭುವನೇಶ್ವರದಿಂದ ಮುಂಬೈಗೆ ಕೋನಾರ್ಕ್ ಎಕ್ಸ್‌ಪ್ರೆಸ್ ಇದೆ. ಪಂದ್ಯ ಮುಗಿಸಿ ಅದನ್ನ ಹಿಡಿದು ಸೊಲ್ಲಾಪುರಕ್ಕೆ ಬಂದಿದ್ದರೆ, ಅಲ್ಲಿಂದ ವಿಜಯಪುರ, ಬಾಗಲಕೋಟೆ, ಗದಗ ಮೇಲೆ ಹುಬ್ಬಳ್ಳಿ ಮುಟ್ಟಬಹುದಿತ್ತು. ಜನರಲ್ ಬೋಗಿಯಲ್ಲಿ ನಿಂತುಕೊಂಡಾದರೂ. ಕೋನಾರ್ಕ್ ನೋಡಬೇಕು ಅಂತ ಹೊರಟವನಿಗೆ ಕೋನಾರ್ಕ್ ರೈಲು ನೆನಪಾಗಲಿಲ್ಲ ನೋಡಿ. ಈಗಲೂ ಒಮ್ಮೊಮ್ಮೆ ಅಂಗಡಿ ಖಾಲಿ ಇದ್ದಾಗ ಆ ತಾರೀಕು ಹಾಕಿ ಸುಮ್ನೆ ಹುಡುಕುತ್ತೇನೆ. ಹೆಂಡತಿ ನೋಡಿದರೆ ಬೈತಾಳೆ.

ಮರುದಿನ ಮಧ್ಯಾಹ್ನ ರೈಲು ವಿಜಯನಗರಂ ಆಸುಪಾಸಿನಲ್ಲಿತ್ತು. ಯಾರೂ ಮಾತಾಡುತ್ತಿರಲಿಲ್ಲ. 12 ಆಗುತ್ತಿದ್ದ ಹಾಗೆ ಕ್ಯಾಪ್ಟನ್ ಮೇಲಿನ ಬರ್ತ್‌ನಿಂದ ಇಳಿದ. ಚೀಲದಿಂದ ಗ್ಲೂಕೋಸ್ ಡಬ್ಬಿ ತೆಗೆದ. ಪ್ರತಿ ಪಂದ್ಯಕ್ಕೆ ಮುಂಚೆ ಎಲ್ಲರ ಅಂಗೈಗೆ ಒಂದೊಂದು ಚಮಚ ಹಾಕೋದು ಅವನ ರೂಢಿ. ಒಬ್ಬೊಬ್ಬರ ಹತ್ತಿರ ಬಂದ, ಹಾಕಿದ. ಎಲ್ಲರೂ ನೆಕ್ಕಿದರು. ಕೊನೆಗೆ ನನ್ನ ಮುಂದೆ ನಿಂತ. ನಾನು ಕೈ ಚಾಚಲಿಲ್ಲ. "ಹಿಡೀರಿ ಅಣ್ಣಾರ" ಅಂದ. ಹಿಡಿದೆ.

ಈಗ ನಿಮ್ಮ ಪ್ರಶ್ನೆ. ಜೊತೆಗೆ ಹೋಗೋದಾ, ದುಡ್ಡು ಕೊಡೋದಾ ಅನ್ನೋ ಲೆಕ್ಕವೇ ನನಗೆ ಸರಿ ಕಾಣಲಿಲ್ಲ. ಬ್ಯಾನರ್, ಟೀ ಶರ್ಟ್ ಬೇಡವೇ ಬೇಡ. ತಂಡದ ಕೈಗೂ ಈಗಲೇ ದುಡ್ಡು ಕೊಡಬೇಡಿ, ಟ್ರ್ಯಾಕ್ ಸೂಟಿಗೆ ಹೋಗಿಬಿಡುತ್ತೆ. ಮೌತ್‌ಗಾರ್ಡ್ ಇಲ್ಲದ ಹುಡುಗರಿಗೆ ಅದನ್ನ ಕೊಡಿಸಿ, ಎರಡು ಡಜನ್ ಟೇಪ್ ಕೊಡಿಸಿ. ಉಳಿದಿದ್ದು ನಿಮ್ಮ ಜೇಬಲ್ಲೇ ಇರಲಿ, ಹೆಚ್ಚುವರಿ ಎರಡು ರಾತ್ರಿಗೆ ಅಂತ. ಹತ್ತು ಜನ ಬೇಡ, ಇಬ್ಬರು ಹೋಗಿ. ಒಬ್ಬರು ಆಟ ನೋಡಲಿ, ಇನ್ನೊಬ್ಬರ ಹತ್ತಿರ ಚಾರ್ಜ್ ಇರೋ ಫೋನ್ ಇರಲಿ.

ಟಿಕೆಟ್ ಫೈನಲ್‌ನ ಮರುದಿನಕ್ಕೇ ತೆಗೆಸಿ. ತಂಡ ಸೋಲುತ್ತೆ ಅಂತ ಊರೆಲ್ಲ ಹೇಳಿದರೂ. ಬೇಗ ಸೋತರೆ ಊರು ನೋಡಿಕೊಂಡು ಬರ್ತಾರೆ, ನಷ್ಟ ಏನಿಲ್ಲ. ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತೆ, ವೇಳಾಪಟ್ಟಿ ಬಂದ ದಿನವೇ ಕೂತುಕೊಳ್ಳಿ. ವೇಳಾಪಟ್ಟಿಯನ್ನ ಕೊನೆಯ ಸಾಲಿನವರೆಗೆ ಓದಿ. ಹುಬ್ಬಳ್ಳಿಯಿಂದ ಹತ್ತುವುದಾದರೆ ಬೋಗಿ ಎಲ್ಲಿ ನಿಲ್ಲುತ್ತೆ ಅಂತ ಮೊದಲೇ ವಿಚಾರಿಸಿ. ಪ್ಲಾಟ್‌ಫಾರ್ಮ್ 1,507 ಮೀಟರ್ ಇದೆ, ಜಗತ್ತಿನಲ್ಲೇ ಉದ್ದದ್ದು, ಚೀಲ ಹೊತ್ತು ಓಡೋದರಲ್ಲೇ ಹುಡುಗರ ಕಾಲು ಬಿದ್ದುಹೋಗುತ್ತೆ.

ಜಗ್ಗಲಿಗೆ ಅಂತೂ ಖಂಡಿತ ಬೇಡ. ಗಾಡಿ ಚಕ್ರದಷ್ಟು ದೊಡ್ಡದನ್ನ ಸ್ಲೀಪರ್ ಬೋಗಿಯ ಬಾಗಿಲಲ್ಲಿ ತೂರಿಸೋದು ಹೇಗೆ? ಪಂದ್ಯ ಇರೋದೇ 14 ನಿಮಿಷ, ಅದನ್ನ ಎತ್ತಿ ನಿಲ್ಲಿಸೋ ಹೊತ್ತಿಗೆ ಮುಗಿದಿರುತ್ತೆ. ಬಾರಿಸೋಕೆ ಒಂದು ಹಲಗೆ ಒಯ್ಯಿರಿ. ಅದರ ಚರ್ಮ ಕಾಯಿಸೋಕೆ ಮೈದಾನದ ಬಿಸಿಲೇ ಸಾಕು.