ಜನರಲ್ ಬಾಡಿ ಮೀಟಿಂಗ್‌ನಿಂದ ಬಾಡಿಗೆದಾರರನ್ನು ಆಚೆ ಕಳಿಸುವ ಅಧಿಕಾರ ಅಧ್ಯಕ್ಷರಿಗೆ ಇದೆಯಾ?

ಅಧ್ಯಕ್ಷರು 'ಮೆಂಬರ್ ಅಲ್ಲದವರು ಎದ್ದು ಹೋಗಿ' ಅಂದರು, ನೀವು ಬಾಡಿಗೆಗೆ ಇರುವವರು ಅಂತ ಎದ್ದು ಬಂದಿರಿ, ಅಲ್ವಾ? ಅದು ಅವರೊಬ್ಬರ ಅಧಿಕಾರ ಅಲ್ಲ. ಮೊದಲು ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನ ಬೈಲಾ, ಅಂದರೆ ಅದರ ನಿಯಮಗಳ ಪುಸ್ತಕ, ತೆಗೆದು ನೋಡಿ. ಅದರಲ್ಲಿ ಏನೂ ಬರೆದಿಲ್ಲ ಅಂದರೆ ತೀರ್ಮಾನ ಸಭೆಯದು, ಅಂದರೆ ಅಲ್ಲಿ ಕೂತಿರುವ ಸದಸ್ಯರದು. ಯಾರಾದರೂ ಗಲಾಟೆ ಮಾಡಿದರೆ ಅಧ್ಯಕ್ಷರು ಆ ಕ್ಷಣವೇ ಆಚೆ ಹೋಗಿ ಅನ್ನಬಹುದು. ಸುಮ್ನೆ ಕೂತವರ ವಿಷಯದಲ್ಲಿ ಒಬ್ಬ ಸದಸ್ಯ ತಕರಾರು ಎತ್ತಿದರೂ ಸಭೆಯನ್ನು ಕೇಳಿ, ಕೈ ಎತ್ತಿಸುವುದೇ ಸರಿ.

ಇನ್ನೊಂದು ಮಾತು ನಿಮಗೆ ಹಿಡಿಸಲಿಕ್ಕಿಲ್ಲ. ಬೈಲಾ ಕೊಡದ ಹೊರತು ನಿಮಗೂ ಅಲ್ಲಿ ಕೂರುವ ಹಕ್ಕಿಲ್ಲ, ಮೇಂಟೆನೆನ್ಸ್ ನೀವೇ ಕಟ್ಟುತ್ತಿದ್ದರೂ. ಗ್ರಾಮಸಭೆಯಾದರೆ ಕಥೆ ಬೇರೆ, ಅಲ್ಲಿ ಮತದಾರರ ಪಟ್ಟಿಯಲ್ಲಿ ಹೆಸರಿರುವವರೆಲ್ಲ ಸದಸ್ಯರೇ. ಬೈಲಾದಲ್ಲಿ ಪ್ರಾಕ್ಸಿಗೆ, ಅಂದರೆ ಸದಸ್ಯರ ಪರವಾಗಿ ಬೇರೆಯವರು ಬರುವುದಕ್ಕೆ, ಅವಕಾಶ ಇದ್ದರೆ ಓನರ್ ಹತ್ತಿರ ಒಂದು ಪತ್ರ ಬರೆಸಿಕೊಂಡು ಹೋಗಿ, ಆಗ ನೀವು ಹೊರಗಿನವರಲ್ಲ.

ಇದು ಹಳೇ ಜಗಳ. ಬ್ರಿಟನ್ ಸಂಸತ್ತಿನ ಕೆಳಮನೆ ಹೌಸ್ ಆಫ್ ಕಾಮನ್ಸ್‌ನಲ್ಲಿ ಒಬ್ಬೇ ಒಬ್ಬ ಸದಸ್ಯ ಎದ್ದು 'ಹೊರಗಿನವರು ಕಾಣುತ್ತಿದ್ದಾರೆ' ಅಂದರೆ ಸಾಕಿತ್ತು, ಗ್ಯಾಲರಿ ಖಾಲಿ ಮಾಡಿಸುತ್ತಿದ್ದರು. 1875ರಲ್ಲಿ ಜೋಸೆಫ್ ಬಿಗ್ಗರ್ ಅನ್ನುವ ಐರಿಷ್ ಸದಸ್ಯ ಹಾಗೆ ಅಂದಾಗ ಮೇಲೆ ಕೂತಿದ್ದವರು ಸಾಕ್ಷಾತ್ ಯುವರಾಜರು! ಅವರೂ ಎದ್ದು ಹೋಗಬೇಕಾಯಿತು. ಅದೇ ವರ್ಷ ಪ್ರಧಾನಿ ಡಿಸ್ರೇಲಿ ನಿಯಮ ಬದಲಿಸಿದರು: ಇನ್ನು ಮೇಲೆ ಒಬ್ಬರು ಹೇಳಿದರೆ ಸಾಲದು, ಸದನ ವೋಟು ಹಾಕಬೇಕು. ನಮ್ಮ ಲೋಕಸಭೆಯಲ್ಲಿ ಮಾತ್ರ 387ನೇ ನಿಯಮದ ಪ್ರಕಾರ ಸ್ಪೀಕರ್ ಬೇಕೆನಿಸಿದಾಗ ಹೊರಗಿನವರನ್ನು ಕಳಿಸಬಹುದು. ನಿಮ್ಮ ಅಧ್ಯಕ್ಷರು ಬಹುಶಃ ಟಿವಿಯಲ್ಲಿ ಅದನ್ನು ಜಾಸ್ತಿ ನೋಡಿರಬೇಕು.

ನಾನು ಎರಡು ವರ್ಷ ಸೆಕ್ರೆಟರಿ ಆಗಿದ್ದೆ. ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿ ಮೀಟಿಂಗ್. ಟ್ಯಾಂಕರ್ ನೀರಿನ ಲೆಕ್ಕ ಬಂದಾಗ ಹಿಂದಿನ ಸಾಲಿನ ಬಾಡಿಗೆದಾರರೊಬ್ಬರು, ದಿನಾ ಬೆಳಿಗ್ಗೆ ಟ್ಯಾಂಕರ್ ಬರುವುದನ್ನು ಬಾಲ್ಕನಿಯಿಂದ ನೋಡುವವರು, 'ಬಿಲ್ಲಿನಲ್ಲಿ ಇರುವಷ್ಟು ಲೋಡು ಬಂದೇ ಇಲ್ಲ' ಅಂದುಬಿಟ್ಟರು. ಅಧ್ಯಕ್ಷರಿಗೆ ತಕ್ಷಣ ಮೆಂಬರ್‌ಶಿಪ್ ನೆನಪಾಯಿತು. ಮೂರನೇ ಮಹಡಿಯ ಆಂಟಿ ಎದ್ದು ನಿಂತು 'ಯಾರನ್ನ ಕೇಳಿ ಕಳಿಸ್ತಿದ್ದೀರಿ?' ಅಂದರು. ನಾನು ಕೈ ಎಣಿಸಿದೆ. ಆಚೆ ಕಳಿಸಿ ಅನ್ನುವವರೇ ಜಾಸ್ತಿ. ಸರಿ, ಮಿನಿಟ್ಸ್ ಪುಸ್ತಕದಲ್ಲಿ ಬರೆದೆ, ಸದಸ್ಯರಲ್ಲದವರೆಲ್ಲ ಎದ್ದರು.

ಅವರ ಜೊತೆ ನಮ್ಮ ಆಡಿಟರೂ ಲೆಕ್ಕದ ಫೈಲು ಕಂಕುಳಲ್ಲಿ ಇಟ್ಟುಕೊಂಡು ಹೊರಟರು, ಅವರೂ ಮೆಂಬರ್ ಅಲ್ಲವಲ್ಲ. ಗೇಟಿನ ಹತ್ತಿರ ಚಹಾ ಕುಡಿಯುತ್ತಿದ್ದವರನ್ನು ವಾಪಸ್ ಕರೆಯಲು ಇನ್ನೊಮ್ಮೆ ಕೈ ಎತ್ತಿಸಬೇಕಾಯಿತು.