ದೂರ ಬೇಡ, ಗಂಟೆ ಹೇಳಿ
ಬೆಂಗಳೂರಿನ ಮ್ಯಾರಥಾನ್ ಓಟಗಾರರನ್ನು ನಕ್ಷೆ ನೋಡಿ ದಾರಿ ಹುಡುಕುತ್ತ ಓಡುವ ಲಾಂಗ್ (ದೂರದ) ಓರಿಯಂಟೀರಿಂಗ್‌ಗೆ ಕರೆತರೋದು ಹೇಗೆ ಅಂತ ಕೇಳಿದ್ದೀರಿ. ಮೊದಲು ಪೋಸ್ಟರಿನಲ್ಲಿ ದೂರ ಹಾಕಬೇಡಿ ಸರ್. ನಮ್ಮ ಆಟದಲ್ಲಿ ಕೋರ್ಸಿನ ಉದ್ದವನ್ನು ಕಂಟ್ರೋಲಿಂದ (ನಕ್ಷೆಯಲ್ಲಿ ಗುರುತು ಮಾಡಿದ, ಮುಟ್ಟಬೇಕಾದ ಜಾಗ) ಕಂಟ್ರೋಲಿಗೆ ನೇರ ಗೆರೆಯಲ್ಲಿ ಅಳೆಯುತ್ತಾರೆ. 10 ಕಿ.ಮೀ. ಅಂದರೆ ಅವರು ಒಂದು ಗಂಟೆ ಅಂದುಕೊಳ್ಳುತ್ತಾರೆ. ಆದರೆ ಬಂಡೆ, ಮುಳ್ಳುಪೊದೆ ಸುತ್ತಿ ಹೋದರೆ ಓಟ ಜಾಸ್ತಿಯೇ ಆಗುತ್ತದೆ. ನಕ್ಷೆಯನ್ನೂ ಓದಬೇಕು.

1976ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರುವಾದ ರೋಗೇನಿಂಗ್ ಮಾದರಿ ಇವರಿಗೆ ಚೆನ್ನಾಗಿ ಒಗ್ಗುತ್ತದೆ. ಗಂಟೆ ನಿಗದಿ, ತಂಡವಾಗಿ ಓಟ, ಸಿಕ್ಕ ಕಂಟ್ರೋಲಿಗೆಲ್ಲ ಅಂಕ. ಒಂದೆರಡು ಕಂಟ್ರೋಲ್ ಸಿಗದಿದ್ದರೂ ಆಟದಿಂದ ಹೊರಬೀಳುವುದಿಲ್ಲ. ಹೊಸಬರಿಗೆ ಅದೇ ಭಯ ಅಲ್ವಾ?

ಭಾನುವಾರ ಬೆಳಗ್ಗೆ ಕಬ್ಬನ್ ಪಾರ್ಕಿಗೆ ಓಡಲು ಬರುವವರ ಕೈಗೆ ಸುಮ್ನೆ ಒಂದು ನಕ್ಷೆ ಕೊಡಿ. ಕಂಟ್ರೋಲ್ ತೋರಿಸಲು ಬಾವುಟ ನೆಡೋದೂ ಬೇಡ. ಬ್ಯಾಂಡ್‌ಸ್ಟ್ಯಾಂಡ್, ವಿಕ್ಟೋರಿಯಾ ರಾಣಿಯ ಪ್ರತಿಮೆ, ಹೀಗೆ ಅಲ್ಲಿರುವುದನ್ನೇ ಕಂಟ್ರೋಲ್ ಮಾಡಿ. ಐದು ಸಾಕು.